ಓಡಿದ ಮೇಲೇ ಉತ್ತರ

"ರೀ, ಆ ಶೂ ಬಿಚ್ಚಿ ಇಳೀರಿ!"

ಬದುವಿನ ಮೇಲಿಂದ ಬಂದ ಗಟ್ಟಿ ದನಿಗೆ ಮೋಕ್ಷಿತಾ ತಲೆಯೆತ್ತಿದಳು. ಕುತ್ತಿಗೆಯಲ್ಲಿ ಸೀಟಿ ನೇತುಹಾಕಿಕೊಂಡು ನಿಂತಿದ್ದ ಲೋಹಿತ್. ಸಿದ್ದಾಪುರದ ಶಾಲೆಯ ಪಿ.ಟಿ. ಮೇಷ್ಟ್ರು. ಈ ಸಲದ ಕೆಸರುಗದ್ದೆ ಓಟಕ್ಕೆ ಅವನೇ ತೀರ್ಪುಗಾರ.

"ಶೂ ಹಾಕ್ಬಾರ್ದು ಅಂತ ರೂಲ್ಸ್ ಇದ್ಯಾ?"

"ಇಲ್ಲ. ಆದ್ರೆ ಅದು ಫುಟ್‌ಬಾಲ್ ಶೂ. ಅಡಿಯ ಮುಳ್ಳು ಕೆಸರಲ್ಲಿ ಕಚ್ಕೊಂಡ್ರೆ ಪಾದ ಅಲ್ಲೇ ನಿಲ್ಲುತ್ತೆ, ಮೈ ಮಾತ್ರ ತಿರುಗುತ್ತೆ. ಮಂಡಿ ಹೋಗುತ್ತೆ ಕಣ್ರೀ!"

ಬರಿಗಾಲಲ್ಲಿ ನಿಂತಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. "ಬೂಟ್ಸ್ ಹಾಕ್ಕೊಂಡು ನಾಟಿಗೆ ಹೊರಟವ್ಳೆ ನೋಡ್ರೇ!"

ಅವಳ ಮುಖ ಕೆಂಪಾಯಿತು. ಹೋದ ವರ್ಷ ಗೆಲ್ಲುವ ಹೊತ್ತಿಗೆ ಜಾರಿ ಬಿದ್ದಿದ್ದಳು. ಈ ಸಲ ಜಾರಬಾರದೆಂದೇ ಹುಡುಕಿ ತಂದ ಶೂ ಇದು. ಎಲ್ಲರೆದುರು ಹೀಗೆ ಮಾನ ಕಳೀಬೇಕಾ ಈ ಮನುಷ್ಯ...

"ಕಾಲು ನಂದು ಸಾರ್. ನೀವು ಸೀಟಿ ಊದಿ!"

ಅವನು ಊದಿದ.

ಗದ್ದೆಯ ಆ ತುದಿಯ ಕೋಲು ಸುತ್ತಿ ಹೊರಳುವಾಗ ಅವಳೇ ಮುಂದಿದ್ದಳು. ಮೈ ತಿರುಗಿತು. ಎಡಪಾದ ಕದಲಲಿಲ್ಲ. ಮಂಡಿಯೊಳಗೆ ಏನೋ ಲಟಕ್ಕೆಂದಿತು!

ಎತ್ತಲು ಮೊದಲು ಓಡಿ ಬಂದವನೂ ಅವನೇ.

"ಮುಟ್ಬೇಡಿ!" ಎಂದು ಚೀರಿ, ಗೆಳತಿ ಉಷಾರಾಣಿಯ ಹೆಗಲಿಗೆ ಜೋತುಬಿದ್ದಳು.

ಲಿಗಮೆಂಟ್ ಅರ್ಧ ಹರಿದಿತ್ತು. ಆಪರೇಷನ್ ಬೇಡ, ತಿಂಗಳುಗಟ್ಟಲೆ ವ್ಯಾಯಾಮ ಬೇಕು ಎಂದರು ಡಾಕ್ಟರು. ಕುಶಾಲನಗರದ ಹತ್ತಿರವಿದ್ದ ಅವಳ ಮನೆಗೆ ಲೋಹಿತ್ ಪ್ರತಿ ಭಾನುವಾರ ಬಸ್ಸಿನಲ್ಲಿ ಬಂದು, ಅವಳು ಮೊದಮೊದಲು ಮುಖ ತಿರುಗಿಸಿದರೂ, ವ್ಯಾಯಾಮ ಮಾಡಿಸಿ ಹೋಗುತ್ತಿದ್ದ. ಜಗಲಿ ಇಳಿಯುವಾಗ ಅವನೂ ಬಲಗಾಲನ್ನು ತಡೆದು ಇಡುವುದನ್ನು ಒಂದು ದಿನ ಅವಳು ಕಂಡಳು.

"ನಿಮಗೇನಾಗಿದೆ?"

"ಹಾಕಿ ಆಟದಲ್ಲಿ ಮಂಡಿ ಹೋಯ್ತು. ಗಟ್ಟಿ ನೆಲದಲ್ಲಿ ಆಗದ ಶೂ ಹಾಕ್ಕೊಂಡು ಆಡಿದ್ದೆ."

"ಅವತ್ತೇ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಕೇಳ್ತಿದ್ರಾ?"

"ಇಲ್ಲ!" ಎಂದಳು. ಇಬ್ಬರೂ ನಕ್ಕರು. ಆಮೇಲೆ ಭಾನುವಾರಗಳು ಬೇಗ ಬರಲಿ ಅನ್ನಿಸತೊಡಗಿತು ಅವಳಿಗೆ...

ಒಂದು ಸಂಜೆ ತಾಯಿ ರಾಮಮ್ಮ ಪಕ್ಕ ಬಂದು ಕೂತಳು.

"ಮೇಷ್ಟ್ರು ನಿನ್ನ ಕೇಳವ್ರೆ ಕಣಮ್ಮಿ. ಕಾಲು ಹೋದೋಳನ್ನ ಒಪ್ಕೊಂಡವ್ರಲ್ಲ, ಅದೇ ದೊಡ್ಡದು. ಇನ್ನು ಓಟ ಗೀಟ ಎಲ್ಲ ಬುಟ್ಬುಡು."

ಮೋಕ್ಷಿತಾಳ ಎದೆ ಉರಿಯಿತು. ಅಂದರೆ... ಇಷ್ಟು ದಿನ ಬಂದದ್ದು ಕನಿಕರಕ್ಕಾ?

ಮುಂದಿನ ಭಾನುವಾರ ಅವನನ್ನು ಬೇಲಿಯಾಚೆಯೇ ತಡೆದಳು.

"ಕುಂಟಿಗೆ ಬಾಳು ಕೊಡಕ್ಕೆ ಬಂದ್ರಾ?"

"ಮೋಕ್ಷಿತಾ, ನಾನು ಹಾಗೆ..."

"ಮೊದಲು ಓಡ್ತೀನಿ. ಉತ್ತರ ಆಮೇಲೆ. ಅಲ್ಲೀವರೆಗೂ ಈ ಕಡೆ ಬರ್ಬೇಡಿ!"

ಅವನು ಬರಲಿಲ್ಲ.

ಕಾಫಿ ಕೊಯ್ಲು ಮುಗಿಯಿತು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ತನ್ನ ರೈಟರ್ ಕೆಲಸಕ್ಕೆ ಹೋಗುವ ಮುನ್ನ ಅವಳು ನಾಲೆಯ ಏರಿಯ ಮೇಲೆ ಮೊದಲು ನಡೆದಳು, ಆಮೇಲೆ ಸ್ವಲ್ಪ ಸ್ವಲ್ಪವೇ ಓಡಿದಳು. ಹೊಸ ಶೂ ಕೊಳ್ಳಲು ಹೋದಾಗ ಅಂಗಡಿಯವನು ದಪ್ಪ ಅಡಿಯ ದುಬಾರಿ ಶೂವನ್ನೇ ಹೊಗಳಿದ. ಅವಳು ನಾಲ್ಕು ಜೊತೆ ಹಾಕಿ ನಡೆದು ನೋಡಿ, ಕಾಲಿಗೆ ಹಿತವಾದುದನ್ನು ತಂದಳು. ಹೊಸದೆಂದು ಒಮ್ಮೆಲೇ ದೂರ ಓಡಲಿಲ್ಲ. ಕಾಲಿನ ಮಾತು ಕೇಳುವುದನ್ನು ಕಲಿತಿದ್ದಳು, ಊರಿನ ಮಾತನ್ನಲ್ಲ.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಸಿದ್ದಾಪುರದ ಅವನ ಶಾಲೆಯ ಮೈದಾನಕ್ಕೆ ಬಂದು ನಿಂತಳು.

"ನೋಡಿ!" ಎಂದಳು ಅಷ್ಟೇ. ಓಡಿದಳು. ಗೋಲ್ ಕಂಬ ಸುತ್ತಿ, ಅದೇ ಎಡಗಾಲೂರಿ ಹೊರಳಿ, ಏದುಸಿರು ಬಿಡುತ್ತ ಅವನೆದುರು ನಿಂತಳು. ಅವನ ಕಣ್ಣು ತುಂಬಿತ್ತು.

"ಕನಿಕರ ಆಗಿದ್ರೆ ಆಸ್ಪತ್ರೆಗೆ ಹಣ್ಣು ತಂದು ಕೊಟ್ಟು ಸುಮ್ನಾಗ್ತಿದ್ದೆ," ಎಂದ ಮೆಲ್ಲಗೆ. "ಆದ್ರೆ ನಿಮ್ಮಮ್ಮನ್ನ ಕೇಳೋ ಮೊದಲು ನಿಮ್ಮನ್ನ ಕೇಳ್ಬೇಕಿತ್ತು. ತಪ್ಪಾಯ್ತು."

"ಹೌದು, ತಪ್ಪೇ!"

"ಈಗ ಕೇಳ್ಲಾ?"

"ಬೇಡ. ನಾನೇ ಕೇಳ್ತೀನಿ. ನನ್ನ ಮದುವೆ ಆಗ್ತೀರಾ?"

ಅವನು ನಕ್ಕೇಬಿಟ್ಟ. "ಆಗ್ತೀನಿ... ಆದ್ರೆ ನಿಮ್ಮಮ್ಮ? ನೀವು ಓಟ ಬಿಡ್ತೀರ ಅಂತ ನಂಬಿದ್ದಾರೆ. ಅವ್ರಿಗೇನು ಹೇಳೋದು?"

ಬೆವೆತ ಅಂಗೈಯನ್ನು ಅವಳು ಅವನ ಕೈಯೊಳಗಿಟ್ಟಳು.

"ಮಳೆಗಾಲದಲ್ಲಿ ಮಾತ್ರ ಮುಹೂರ್ತ ಇಡ್ಬೇಡಿ ಅಂತ ಹೇಳಿ. ಆವಾಗ ನಾನು ಗದ್ದೇಲಿ ಓಡ್ತಿರ್ತೀನಿ."