ಶಾಯಿಯ ಕೆಳಗಿನ ದಾರ

ಪಿಸ್ತೂಲಿನ ಮೂತಿ ನನ್ನ ಕಿವಿಯ ಹಿಂದೆ ತಣ್ಣಗೆ ಕೂತಿತ್ತು.

"ಬರಿ, ಮುದುಕಾ! ಅಸಲಿ ಅಂತ ಬರಿ!"

ಹಿಡಿದವನು ಮ್ಯಾನೇಜರ್. ಮೂವತ್ತು ವರ್ಷದ ಹಿಂದೆ ಬಾಕ್ಸಿಂಗ್ ಚಾಂಪಿಯನ್ ಒಬ್ಬನನ್ನು ಕುಣಿಸುತ್ತಿದ್ದವನು. ಮೇಜಿನ ಮೇಲೆ ಆ ಚಾಂಪಿಯನ್ನನ ಕೆಂಪು ಗ್ಲೌಸ್, ಅದರ ಮೇಲೆ ಅಡ್ಡಲಾಗಿ ಕಪ್ಪು ಸಹಿ. ಪಕ್ಕದ ಹಾಲ್‌ನಲ್ಲಿ ಹರಾಜಿಗೆ ಜನ ಕಾಯುತ್ತಿದ್ದರು.

ಹಳೇ ಆಟದ ಸಾಮಾನು ಅಸಲಿಯೋ ನಕಲಿಯೋ ಅಂತ ನೋಡಿ ಬರೆದುಕೊಡುವುದು ನನ್ನ ಕೆಲಸ; ಬೆಳಿಗ್ಗೆ ಪರೀಕ್ಷೆಗೆಂದು ಅವನೇ ಅದನ್ನು ನನ್ನ ಅಂಗಡಿಗೆ ತಂದಿದ್ದ. ಒಂದೇ ಸಲ ಭೂತಗನ್ನಡಿ ಇಟ್ಟು ನೋಡಿದೆ. ಗ್ಲೌಸನ್ನು ಬಗಲಿಗಿಟ್ಟು ಹಿಂಬಾಗಿಲಿಂದ ಪೊಲೀಸ್ ಸ್ಟೇಷನ್ ಕಡೆ ಓಡಿದೆ! ಎರಡು ಬೀದಿ ದಾಟಿದೆ... ಮೂರನೆಯದರಲ್ಲಿ ಮಂಡಿಯೇ ಕೈಕೊಟ್ಟಿತು. ಅವನ ಕಾರು ಅಡ್ಡ ಬಂತು.

"ಕದ್ದು ಓಡ್ತೀಯಾ? ಈ ವಯಸ್ಸಲ್ಲಿ?"

"ಆಸೆ ಆಯ್ತು ಸ್ವಾಮಿ. ತಪ್ಪಾಯ್ತು."

ನಂಬಿದ! ಕಳ್ಳನಿಗೆ ಎಲ್ಲರೂ ಕಳ್ಳರೇ.

ಆ ಗ್ಲೌಸಿನ ಏಟು ತಿಂದು ರಿಂಗಿನಲ್ಲಿ ಬಿದ್ದು, ಆ ರಾತ್ರಿಯೇ ಸತ್ತವನು ನನ್ನ ತಮ್ಮ. ಅವನ ಮೂಲೆಯಲ್ಲಿ ಟವೆಲ್ ಹಿಡಿದು ನಿಂತಿದ್ದವನು ನಾನು. ಟವೆಲ್ ಹಿಡಿದವನ ಮುಖ ಯಾರು ನೆನಪಿಡುತ್ತಾರೆ?

ನಾನು ಮಾತ್ರ ಎಲ್ಲ ನೆನಪಿಟ್ಟಿದ್ದೆ.

ನನ್ನ ಓದು ಎರಡನೇ ಕ್ಲಾಸಿಗೇ ಮುಗಿಯಿತು. ಆಮೇಲೆ ಗ್ಲೌಸ್ ಹೊಲಿದು ಬದುಕಿದವನು. ಅಕ್ಷರಕ್ಕಿಂತ ದಾರವನ್ನು ಚೆನ್ನಾಗಿ ಓದುತ್ತೇನೆ.

ಸರ್ಟಿಫಿಕೇಟಿನ ಮೇಲೆ ಪೆನ್ನು ಹಿಡಿದೆ. "ಸಹಿ ಯಾವಾಗ ಹಾಕಿದ್ದು ಸ್ವಾಮಿ?"

"ಗೆದ್ದ ತಕ್ಷಣ, ರಿಂಗಲ್ಲೇ! ಫೋಟೋ ಐತಲ್ಲ, ಕಣ್ಣಿಲ್ವಾ?"

"ಆಮೇಲೆ ಬೇರೆ ಯಾರಾದ್ರೂ ಮುಟ್ಟಿದ್ರಾ?"

"ನನ್ನ ಬೀರು ಬಿಟ್ಟು ಆಚೆ ಬಂದಿಲ್ಲ."

"ಹಾಗಂತ ಕೆಳಗೆ ಬರೆದು ನೀವೂ ಒಂದು ಸಹಿ ಹಾಕಿ. ರೂಲ್ಸು."

ಹಾಕಿದ... ಪಿಸ್ತೂಲು ಕೋಟಿನೊಳಗೆ ಹೋಯಿತು.

ಹಾಲ್‌ನ ಮುಂದಿನ ಸಾಲಿನಲ್ಲಿ ಚಾಂಪಿಯನ್ ಕೂತಿದ್ದ. ತಲೆ ನರೆತಿತ್ತು. ಭುಜ ಮಾತ್ರ ಹಾಗೇ ಇತ್ತು. ಮ್ಯಾನೇಜರ್ ಎಲ್ಲರ ಮುಂದೆ ನನ್ನ ಕೈಗೆ ಮೈಕ್ ಕೊಟ್ಟ.

"ಗ್ಲೌಸ್ ಅಸಲಿ. ಸಹಿ ಅಸಲಿ," ಎಂದೆ.

ಚಪ್ಪಾಳೆ!

"ಇನ್ನೊಂದು ಮಾತು. ಇದನ್ನ ಒಂದ್ಸಲ ಬಿಚ್ಚಿ, ಗುದ್ದೋ ಕಡೆಯ ಮೆತ್ತೆ ಕಿತ್ತು, ಮತ್ತೆ ಹೊಲಿದಿದ್ದಾರೆ. ಒಳಗೆ ಬರೀ ಚರ್ಮ. ನನ್ನ ತಮ್ಮನಿಗೆ ಬಿದ್ದದ್ದು ಬರಿಗೈ ಏಟು!"

"ಸುಳ್ಳು!" ಮ್ಯಾನೇಜರ್ ಎಗರಿದ. "ಆಮೇಲೆ ಯಾರೋ ಬಿಚ್ಚಿರಬೇಕು!"

"ನಿಮ್ಮ ಬೀರುವಿನೊಳಗಾ? ಹೋಗ್ಲಿ, ಆ ಹೊಲಿಗೆ ಮೇಲೇ ಸಹಿ ಇದೆ. ಶಾಯಿ ದಾರದ ಮೇಲೆ ಹರಿದಿದೆ, ಎಲ್ಲೂ ಕಡಿದಿಲ್ಲ. ಅಂದ್ರೆ ಹೊಲಿಗೆ ಮೊದಲು, ಸಹಿ ಆಮೇಲೆ. ಸಹಿ ರಿಂಗಲ್ಲೇ ಬಿತ್ತು ಅಂತ ನೀವೇ ಬರೆದುಕೊಟ್ರಲ್ಲ ಸ್ವಾಮಿ!"



ಮ್ಯಾನೇಜರನ ಕೈ ಕೋಟಿನೊಳಗೆ ಹೋಯಿತು. ಪಿಸ್ತೂಲು ಅರ್ಧ ಹೊರಬಂತು... ಅಷ್ಟರಲ್ಲಿ ಚಾಂಪಿಯನ್ ಎದ್ದು ಬಂದು ಆ ಮಣಿಕಟ್ಟು ಹಿಡಿದು ತಿರುಚಿದ. ಪಿಸ್ತೂಲು ನೆಲಕ್ಕೆ ಬಿತ್ತು.

"ಹಗುರಾಗಿದೆ ಅಂದಿದ್ದೆ ಅವತ್ತು," ಮ್ಯಾನೇಜರನ ಮುಖಕ್ಕೇ ಹೇಳಿದ. "ಹೊಸ ಮಾಡೆಲ್ಲು, ಬಾಯ್ಮುಚ್ಕೊಂಡು ಹಾಕ್ಕೋ ಅಂದೆ ನೀನು!"

ನನ್ನ ಕಡೆ ತಿರುಗಿದ. "ಗೊತ್ತಿರಲಿಲ್ಲ ಅಣ್ಣಾ... ದೇವರಾಣೆ."

"ಗೊತ್ತಪ್ಪ. ನೀನು ಅವತ್ತು ಅತ್ತದ್ದು ನಾನು ನೋಡಿದ್ದೆ."

ಅವನು ಮ್ಯಾನೇಜರ್ ಕಡೆ ತಿರುಗಿದ. ಒಂದೇ ಒಂದು ಬಲಗೈ ಗುದ್ದು! ಮ್ಯಾನೇಜರ್ ಮೂರು ಕುರ್ಚಿಗಳ ಜೊತೆ ಮಲಗಿದ. ಪೊಲೀಸರು ಬರುವವರೆಗೂ ಏಳಲಿಲ್ಲ.

ಆಮೇಲೆ ಇನ್ಸ್‌ಪೆಕ್ಟರ್ ಕೇಳಿದ, "ಇವನಿಗೆ ಹೊಡೆದವರು ಯಾರಜ್ಜ?"

ನಾನು ಭೂತಗನ್ನಡಿ ತೆಗೆದು ಆ ಊದಿದ ದವಡೆಯನ್ನು ನಿಧಾನವಾಗಿ ನೋಡಿದೆ.

"ಚಾಂಪಿಯನ್ನನ ಗುದ್ದೇ ಸಾರ್. ಅಸಲಿ! ಬೇಕಿದ್ರೆ ಬರೆದುಕೊಡ್ತೀನಿ."