ಜವಳದ ಕೂದಲು

“ಜವಳದ ಕೂದಲಾ ಹೊಳಿಗೇ ಹೋಗಬೇಕ್ರಿ ಸರ. ಬೊಂಬಿಗೆ ಹಚ್ಚಬ್ಯಾಡ್ರಿ. ಹಚ್ಚಿದ್ರ ಅದು ನಿಮ್ಮ ಕೂಸ ಆಗಿಬಿಡ್ತೈತಿ.”

ರೊಟ್ಟಿ ಕೊಡಲು ಬಂದಿದ್ದ ಮನೆಯೊಡತಿ ವಿರೂಪಾಕ್ಷಮ್ಮ ಬಾಗಿಲಲ್ಲೇ ನಿಂತಿದ್ದಳು. ಶಾಂತಕುಮಾರ ಕೈಯಲ್ಲಿದ್ದ ಹಸಿರು ಗಂಟನ್ನು ಬಿಚ್ಚುತ್ತಲೇ ನಕ್ಕ.

“ಒಳ್ಳೇದೇ ಆಯ್ತಲ್ಲಮ್ಮ. ಹೆರಿಗೆ ನೋವಿಲ್ಲದೆ ಎರಡನೇ ಮಗಳು.”

ಅವನು ತುಮಕೂರು ಕಡೆಯವನು. ಕುಷ್ಟಗಿಗೆ ವಿಜ್ಞಾನದ ಮೇಷ್ಟ್ರಾಗಿ ಬಂದು ಮೂರು ತಿಂಗಳಾಗಿತ್ತು. ದೆವ್ವದ ಸಿನಿಮಾಗಳೆಂದರೆ ಹುಚ್ಚು, ದೆವ್ವದಲ್ಲಿ ನಂಬಿಕೆಯಿಲ್ಲ. ಹೊಸ ಸಿನಿಮಾವೊಂದರಲ್ಲಿ ಬಾಯಿ ಹೊಲಿದ ಬೊಂಬೆಯಿತ್ತು: ಕಪ್ಪು ದಾರದ ಏಳು ಹೊಲಿಗೆ. ಅಂಥದ್ದೇ ಒಂದನ್ನು ಮಾಡಿ ತರಗತಿಯ ಮೇಜಿನ ಮೇಲಿಡಬೇಕು, ಹೆದರಿದವರನ್ನು ನೋಡಿ ನಗಬೇಕು ಎಂಬುದು ಅವನ ಆಸೆ. ಕಿನ್ನಾಳದ ಬೊಂಬೆಯವರಂತೆ ಮರದ ಹೊಟ್ಟಿಗೆ ಹುಣಸೆಬೀಜದ ಅಂಟು ಕಲಸಿ ಮುಖ ಮಾಡಿದ್ದ. ಮನೆಯೆಲ್ಲ ಹುಳಿತ ಅಂಟಿನ ವಾಸನೆ. ಕೂದಲು ಮಾತ್ರ ಉಳಿದಿತ್ತು. ಎರಡು ವರ್ಷದ ಮಗಳು ಹೇಮಾಳ ಜವಳವನ್ನು, ಅಂದರೆ ಹುಟ್ಟುಗೂದಲನ್ನು, ಸೋದರಮಾವ ಮನೆಯಲ್ಲೇ ತೆಗೆದಿದ್ದ. ಹುಲಿಗಿಯ ಗುಡಿಗೆ ಹೋದಾಗ ತುಂಗಭದ್ರೆಗೆ ಬಿಡಬೇಕೆಂದು, ಇದೇ ಸೀಮೆಯವಳಾದ ಹೆಂಡತಿ ಲಲಿತಾ ಗಂಟು ಕಟ್ಟಿಟ್ಟಿದ್ದಳು.

ಕೂದಲು ಅಂಟಿಸಿ, ಹಸಿ ತುಟಿಗೆ ದಬ್ಬಳ ಚುಚ್ಚಿದ. ಒಳಕೋಣೆಯಲ್ಲಿ ಹೇಮಾ ಚೀರಿದಳು. ಇರುವೆ ಕಚ್ಚಿರಬೇಕು ಎಂದುಕೊಂಡ. ಎರಡನೇ ಹೊಲಿಗೆ. ಮತ್ತೆ ಚೀರಿದಳು. ಏಳನೆಯದಕ್ಕೆ ಸದ್ದು ನಿಂತಿತು. ಮಲಗಿದಳು ಎಂದು ಸಮಾಧಾನಪಟ್ಟು ಬೊಂಬೆಯನ್ನು ಬಿಸಿಲಿಗಿಟ್ಟ. ಸಂಜೆಯೊಳಗೆ ಮುಖ ಕಲ್ಲಾಯಿತು.

“ಹೇಮಾ ಬಾಯಿ ಬಿಡವಲ್ಲಳ್ರಿ,” ಎಂದಳು ಲಲಿತಾ.

ಚಮಚ ಹಲ್ಲಿಗೆ ಬಡಿಯುವುದಿರಲಿ, ತುಟಿಯೇ ತೆರೆಯಲಿಲ್ಲ. ಕೊಪ್ಪಳದ ಆಸ್ಪತ್ರೆಯಲ್ಲಿ ಎರಡು ದಿನ ಸಲೈನ್ ಹಾಕಿದರು. ಧನುರ್ವಾಯು ಅಲ್ಲ ಎಂದರು. ಮತ್ತೇನು ಎಂದು ಅವರಿಗೂ ತಿಳಿಯಲಿಲ್ಲ. ಮೂರನೇ ದಿನ ಲಲಿತಾ ಹಟ ಹಿಡಿದು ಮಗುವನ್ನು ಮನೆಗೆ ತಂದಳು. ನಡು ಮಧ್ಯಾಹ್ನ. ತಗಡಿನ ಮಾಡು ಕಾದು ಟಕ್ ಟಕ್ ಎನ್ನುತ್ತಿತ್ತು.

ವಿರೂಪಾಕ್ಷಮ್ಮ ಬೊಂಬೆಯನ್ನು ಮುಟ್ಟಲಿಲ್ಲ. ದೂರದಿಂದ ನೋಡಿದಳು.

“ಮೊದಲ ಕೂದಲಾ ಬಿಡಸ್ರಿ. ಒಂದೂ ಉಳಿಬಾರದು. ಅದು ಹೋದಮ್ಯಾಲೆ ಬರೇ ಹೊಟ್ಟು, ಅಂಟು. ಅಲ್ಲೀತನಕ ಬ್ಯಾರೇನೂ ಮಾಡಬ್ಯಾಡ್ರಿ.”

ಶಾಂತಕುಮಾರ ಒಂದು ಎಳೆ ಎಳೆದ. ಲಲಿತಾಳ ತೊಡೆಯ ಮೇಲಿದ್ದ ಮಗು ಸೆಟೆದುಕೊಂಡಿತು. ಬೋಳುತಲೆಯ ಮೇಲೆ ಒಂದು ಹನಿ ರಕ್ತ ಮೂಡಿತು.

ಅವನು ಈಗ ನಗಲಿಲ್ಲ. ಬೊಂಬೆಯ ತಲೆ ನೋಡಿದ. ಸಾವಿರ ಕೂದಲು. ಸಾವಿರ ಹನಿ. ಮಗು ಮೂಗಿನಿಂದ ಸಣ್ಣಗೆ ಸಿಳ್ಳೆಯಂತೆ ಉಸಿರಾಡುತ್ತಿತ್ತು.

“ಏನರ ಮಾಡ್ರಿ,” ಎಂದಳು ಲಲಿತಾ. “ನೀವ ಮಾಡಿದ್ದು.”

ಹುಣಸೆಬೀಜದ ಅಂಟು ನೀರಿಗೆ ಕರಗುತ್ತದೆ. ಅವನಿಗೆ ಗೊತ್ತಿತ್ತು. ಅವನು ವಿಜ್ಞಾನದ ಮೇಷ್ಟ್ರು. ಅಂಟು ಮೆತ್ತಗಾದರೆ ಕೂದಲು ನೋವಿಲ್ಲದೆ ಜಾರುತ್ತದೆ. ದಾರವೂ ಜಾರುತ್ತದೆ. ಕೂದಲು ನೀರಿಗೇ ಸೇರಬೇಕೆಂದು ವಿರೂಪಾಕ್ಷಮ್ಮನೂ ಹೇಳಿದ್ದಳಲ್ಲ.

ಬೊಂಬೆಯನ್ನು ಹಿತ್ತಲಿಗೆ ಒಯ್ದ. ಬಕೆಟ್ ತುಂಬಿತ್ತು. ಮುಖ ಅಡಿಯಾಗಿ ಮುಳುಗಿಸಿ ಹಿಡಿದ.

ಗುಳ್ಳೆ ಎದ್ದವು. ಹುಳಿ ವಾಸನೆ. ನೀರು ಕಂದಾಯಿತು. ಕೈಯೊಳಗೆ ಬೊಂಬೆ ಅಲುಗಿದಂತಾಯಿತು. ನೀರು ಹೀರುತ್ತಿದೆ, ಅಷ್ಟೆ. ಬಿಡಲಿಲ್ಲ. ಒತ್ತಿ ಹಿಡಿದ. ಒಂದು ಹೊಲಿಗೆ ಸಡಿಲಾಯಿತು. ಎರಡು. ಐದು. ಏಳು. ಕೂದಲು ಬಿಟ್ಟುಕೊಂಡು ಮೇಲೆ ತೇಲಿತು, ಒಂದೂ ಉಳಿಯದಂತೆ.

“ಬಾಯಿ ಬಿಟ್ಟಳ್ರಿ,” ಒಳಗಿನಿಂದ ಲಲಿತಾಳ ದನಿ.

ಅವನು ಓಡಿದ.

ಹೇಮಾಳ ಬಾಯಿ ತೆರೆದಿತ್ತು. ಅದರಿಂದ ಕಂದು ನೀರು ಹರಿಯುತ್ತಿತ್ತು, ಲಲಿತಾಳ ಸೀರೆಯ ಮೇಲೆ, ನೆಲದ ಮೇಲೆ. ಹುಣಸೆಬೀಜದ ವಾಸನೆ. ಲಲಿತಾ ಮಗುವನ್ನು ತಲೆಕೆಳಗು ಮಾಡಿ ಬೆನ್ನು ತಟ್ಟುತ್ತಲೇ ಇದ್ದಳು. ನೀರು ಬರುತ್ತಲೇ ಇತ್ತು.

ವಿರೂಪಾಕ್ಷಮ್ಮ ಅವನ ಒದ್ದೆ ಕೈಗಳನ್ನು ನೋಡಿದಳು.

“ಎಷ್ಟೊತ್ತು ಮುಳುಗಿಸಿದ್ರಿ ಸರ?”