ಬಲಗಿವಿಗೆ ಬಂದ ಉತ್ತರ

“ಆ ಸಾಲು ಹಾಡಿನಲ್ಲಿ ಇಲ್ವೇ ಇಲ್ಲ. ನೀನೇ ಸೇರಿಸಿದ್ದೀಯ,” ಎಂದಳು ಚುಟುಕಿ.

ಗುಂಗುರು ಕೂದಲಿನ ಗೆಳತಿ ತೆರೆದ ಬಾಯಿ ತೆರೆದಂತೆಯೇ ನಿಂತಳು. ನಾಳೆಯ ಅಸೆಂಬ್ಲಿಯಲ್ಲಿ ಇಬ್ಬರೂ ಜೊತೆಯಾಗಿ ಹಾಡಬೇಕಿತ್ತು. ಅಜ್ಜಿಯ ಟೇಪ್ ರೆಕಾರ್ಡರಿನಲ್ಲಿ ಕೇಳಿಯೇ ಕಲಿತೆನೆಂದು ಅವಳು ಎಷ್ಟು ಹೇಳಿದರೂ ಚುಟುಕಿ ಒಪ್ಪಲಿಲ್ಲ. ಟೇಪು ಹಳೆಯದು, ತಮ್ಮ ಮನೆಯಲ್ಲಿರುವುದು ಹೊಸ ಡಿಜಿಟಲ್ ಪ್ಲೇಯರ್. ಅದು ತಪ್ಪು ಹಾಡುವುದುಂಟೇ? ಬೇರೆಯವರ ಹಾಡಿಗೆ ತನ್ನ ಸಾಲು ತುರುಕುವುದು ಮೋಸವೆಂದೂ, ಮೋಸಗಾರರ ಜೊತೆ ತಾನು ಹಾಡುವುದಿಲ್ಲವೆಂದೂ ಹೇಳಿಬಿಟ್ಟಳು.

“ಹಾಗಾದ್ರೆ ಒಬ್ಳೇ ಹಾಡ್ಕೋ,” ಎಂದು ಗೆಳತಿ ಬ್ಯಾಗು ಹೆಗಲಿಗೇರಿಸಿ ಹೊರಟುಹೋದಳು.

ಚುಟುಕಿಯ ಅಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಮೊದಲು ಅಲ್ಲಿಯೂ ಟೇಪ್ ರೆಕಾರ್ಡರ್ ಹಾಡುತ್ತಿತ್ತು. ಅಳತೆ ಕೊಡಲು ಬಂದವರೂ ಕೈ ಚಾಚಿ ನಿಂತೇ ಗುನುಗುತ್ತಿದ್ದರು. ಮಾವ ಬೆಂಕಿಪೊಟ್ಟಣದಷ್ಟು ಪುಟ್ಟ ಪ್ಲೇಯರ್ ತಂದುಕೊಟ್ಟ ಮೇಲೆ ಆ ಕೋಣೆಯಲ್ಲಿ ಹೊಲಿಗೆ ಮೆಷಿನ್ನಿನ ಸದ್ದೊಂದೇ ಉಳಿಯಿತು.

ಬಂದ ದಿನವೇ ಅದಕ್ಕಾಗಿ ಅಕ್ಕತಂಗಿಯರ ಜಗಳ. ಅಮ್ಮ ಅದನ್ನು ಕತ್ತರಿಯಿಂದ ಕತ್ತರಿಸಿದಂತೆ ಮುಗಿಸಿದ್ದರು: “ಕೇಳಿದ್ರೆ ಇಬ್ರೂ ಕೇಳಿ. ಇಲ್ದಿದ್ರೆ ಇಬ್ರಿಗೂ ಬೇಡ.” ಅಂದಿನಿಂದ ಎಡಗಿವಿಯ ಇಯರ್‌ಫೋನ್ ಚುಟುಕಿಯದು, ಬಲಗಿವಿಯದು ಅಕ್ಕನದು.

ಚುಟುಕಿಗೆ ಆ ಹಾಡು ಇಷ್ಟವಾಗಿದ್ದಕ್ಕೆ ಒಂದೇ ಕಾರಣ. ಯಾರೋ ಒಬ್ಬಾಕೆ ತೊರೆಯನ್ನು ಪ್ರಶ್ನೆ ಕೇಳುತ್ತಾಳೆ. ಆಮೇಲೆ ಬರೀ ತಬಲಾ. ತೊರೆ ಏಕೆ ಉತ್ತರಿಸುವುದಿಲ್ಲ? ಅದಕ್ಕೆ ಕೋಪವೇ, ನಾಚಿಕೆಯೇ? ಗಣಿತದ ಪೀರಿಯಡ್ಡಿನಲ್ಲೂ ಅವಳು ಇದನ್ನೇ ಯೋಚಿಸುತ್ತಿದ್ದಳು. ಅಂಥ ಮೌನವನ್ನು ಗೆಳತಿ ಕೆಡಿಸಿದ್ದಳು.

ಸಂಜೆ ಪ್ಲೇಯರಿನ ಸೆಲ್ ಮುಗಿದಿತ್ತು. ಅಕ್ಕ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಚುಟುಕಿ ಮುಖ ಊದಿಸಿಕೊಂಡು ಬಟ್ಟೆ ಮಡಚುತ್ತ ಹಾಡಿದಳು: “ತೊರೆಯೇ, ಎಲ್ಲಿಗೆ ಓಡುವೆ?” ಎಂದಿನಂತೆ ನಿಲ್ಲಿಸಿದಳು.

“ದಾರಿ ಕರೆದಲ್ಲಿಗೆ,” ಎಂದು ಅಕ್ಕ ತಲೆ ಎತ್ತದೆಯೇ ಹಾಡಿದಳು.

ಅದು ಗೆಳತಿ ಹಾಡಿದ ಸಾಲೇ ಆಗಿತ್ತು. ಚುಟುಕಿ ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು.

“ಅದೇನೇ ಪ್ರಶ್ನೆ?” ಎಂದಳು ಅಕ್ಕ. “ನಾನು ಕೇಳೋ ಹಾಡಲ್ಲಿ ಬರೀ ಉತ್ತರಾನೇ ಇರೋದು.”

ಇಬ್ಬರೂ ಪ್ಲೇಯರಿನತ್ತ ನೋಡಿದರು. ಚುಟುಕಿ ಓಡಿಹೋಗಿ ಅಂಗಡಿಯಿಂದ ಸೆಲ್ ತಂದಳು. ಮೊದಲ ಸಲ ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು. ಎಡಗಿವಿಯಲ್ಲಿ ಪ್ರಶ್ನೆ ಬಂತು. ಬಲಗಿವಿಯಲ್ಲಿ ತೊರೆ ಉತ್ತರಿಸಿತು.

ಅಮ್ಮ ಮೆಷಿನ್ ನಿಲ್ಲಿಸಿ, “ಅರ್ಧ ಅರ್ಧ ಹಂಚಿದವಳು ನಾನೇ ಅಲ್ವಾ,” ಎಂದು ನಕ್ಕರು. ಚುಟುಕಿಗೆ ನಗು ಬರಲಿಲ್ಲ.

ಮರುದಿನ ಬೆಲ್ ಹೊಡೆಯುವ ಮೊದಲೇ ಗೆಳತಿ ಶಾಲೆಯ ಗೇಟಿನ ಬಳಿ ಸಿಕ್ಕಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಕ್ಷಮೆಯ ಮಾತುಗಳನ್ನೆಲ್ಲ ಬಿಟ್ಟು ಚುಟುಕಿ ಅವಳ ಪಕ್ಕಕ್ಕೆ ಹೋಗಿ ನಿಂತಳು. ಮೆಲ್ಲನೆ, “ತೊರೆಯೇ, ಎಲ್ಲಿಗೆ ಓಡುವೆ?” ಎಂದು ಹಾಡಿ ನಿಲ್ಲಿಸಿದಳು.

ಗೆಳತಿ ತಕ್ಷಣ ಹಾಡಲಿಲ್ಲ.

ಆ ಖಾಲಿ ಜಾಗ ಯಾರದೆಂದು ಚುಟುಕಿಗೆ ಈಗ ಗೊತ್ತಿತ್ತು. ಅವಳು ಕಾದಳು.